ಎಣ್ಣೆಗಾಜಿನ ಪಕ್ಕದ ಸೀಟು

ನನ್ನ ಸೀಟಿನಲ್ಲಿ ಅವಳು ಕೂತಿದ್ದಳು.

ಬಿಸಿ ಡೋನಟ್‌ಗಳ ಪೊಟ್ಟಣ ಹಿಡಿದು ಆವಿಕಾರು ನಿಲ್ಲಿಸುವ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ನನಗೆ ಮೊದಲು ಕಂಡದ್ದು ಅವಳ ಕೆಂಪು ಸ್ಕಾರ್ಫ್. ಆಮೇಲೆ ಎಲ್ಡನ್‌ನ ನಗು. ಆ ನಗು ನನಗೆ ಗೊತ್ತಿರುವುದೇ, ಆದರೆ ಅಷ್ಟು ಜೋರಾಗಿ ನನ್ನೆದುರು ಅವನು ಎಂದೂ ನಕ್ಕಿರಲಿಲ್ಲ.

"ವಿನ್ನಿ, ಬಾ ಬಾ. ಇವಳು ಡೆಲ್ಫೀನ್, ಕ್ವಿಬೆಕ್‌ನವಳು. ಆವಿ ದೋಣಿ ಇಟ್ಕೊಂಡಿದ್ದಾಳೆ, ತಾನೇ ರಿಪೇರಿ ಮಾಡ್ತಾಳೆ! ಶನಿವಾರ ಬೆಟ್ಟದ ಓಟಕ್ಕೆ ಇವಳೇ ಎಣ್ಣೆಗಾಜು ನೋಡ್ತಾಳೆ."

"ಓ, ಒಳ್ಳೇದು," ಎಂದೆ. ಪೊಟ್ಟಣದ ಕಾಗದ ನನ್ನ ಬೆರಳುಗಳಲ್ಲಿ ಮುದುಡಿಹೋಯಿತು.

ವಸಂತದಲ್ಲಿ ಅವನು ಕೇಳಿದ್ದ: "ಈ ವರ್ಷನೂ ಬರ್ತೀಯಲ್ಲ?" ನಾನು "ನೋಡೋಣ" ಅಂದಿದ್ದೆ. ಖುಷಿಯಿಂದ ಕುಣಿಯಬೇಕು ಅನ್ನಿಸಿದಾಗ ನನ್ನ ಬಾಯಿಂದ ಬರುವುದು ಅಷ್ಟೇ. ಅವನು ಅದನ್ನು ಬೇಡ ಎಂದುಕೊಂಡಿದ್ದಾನೆ.

ಆವಿಕಾರಿನಲ್ಲಿ ಓಡಿಸುವವನು ರಸ್ತೆ ನೋಡಬೇಕು, ಎಡಗಡೆ ಕೂತವರು ಎಣ್ಣೆಗಾಜು ನೋಡಬೇಕು. ನೀರು ತುಂಬಿದ ಆ ಪುಟ್ಟ ಗಾಜಿನ ಕೊಳವೆಯಲ್ಲಿ ದಪ್ಪ ಎಣ್ಣೆ ಹನಿಹನಿಯಾಗಿ ಮೇಲೆದ್ದು, ಆವಿಯ ಜೊತೆ ಸೇರಿ ಎಂಜಿನ್ ಒಳಗೆ ಹೋಗುತ್ತದೆ. ಹನಿ ನಿಂತರೆ ಕೂಗಿ ಹೇಳಬೇಕು. ಇಲ್ಲದಿದ್ದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಲ್ಲಾ ಮುಗಿಯುತ್ತದೆ. ಹಾಗಾಗಿ ಬೆಟ್ಟದ ಓಟದ ದಿನ ಯಾರ ಎಡಗಡೆ ಯಾರು ಕೂತರು ಎಂದು ಇಡೀ ಊರು ನೋಡುತ್ತದೆ. ಕಾರಿನ ಯಜಮಾನರು, ಎಲ್ಡನ್‌ನ ದೊಡ್ಡಪ್ಪ ಓರಿನ್, ಹಾಗೆ ಕೂರಿಸಿಕೊಂಡ ಹುಡುಗಿಯನ್ನೇ ಮದುವೆಯಾದವರು.

ಹಿಂದಿನ ಚಕ್ರಗಳನ್ನು ಜಾಕ್ ಹಾಕಿ ಮೇಲೆತ್ತಿ ಎಲ್ಡನ್ ಆವಿ ಬಿಟ್ಟ. ಚಕ್ರ ತಿರುಗಿದ್ದೇ ತಡ, ಎಂಜಿನ್ ನೋವು ತಿಂದವರಂತೆ ನರಳಿತು.

"ಹನಿ ಬರ್ತಾ ಇದೆ!" ಡೆಲ್ಫೀನ್ ಕೂಗಿದಳು. "ಚೆನ್ನಾಗೇ ಬರ್ತಾ ಇದೆ!"

"ಬರ್ತಿದ್ರೆ ಯಾಕಮ್ಮ ಹಿಂಗೆ ಅಳ್ತಿದೆ?" ಮೂಲೆಯ ಸ್ಟೂಲಿನಿಂದ ಓರಿನ್ ಅಂಕಲ್ ಗೊಣಗಿದರು. "ಒಳಗೆ ಒಣಗಿದೆ ಕಣೋ ಎಲ್ಡನ್. ನಿಲ್ಲಿಸು. ಇವತ್ತು ಸರಿಹೋಗದಿದ್ರೆ ಶನಿವಾರ ಕಾರು ಹೊರಗೆ ಬರಲ್ಲ, ಅಷ್ಟೇ."

ಎಲ್ಡನ್, ಡೆಲ್ಫೀನ್ ಇಬ್ಬರೂ ಕಾರಿನ ಕೆಳಗೆ ಮಲಗಿದರು. ನನಗೆ ಕಾಣುತ್ತಿದ್ದದ್ದು ನಾಲ್ಕು ಶೂಗಳು. ಅವನ ಹಳೆಯ ಬೂಟು, ಅವಳ ಹಳದಿ ಲೇಸು. ಹಳದಿ ಲೇಸು ಬೂಟಿಗೆ ತಾಗಿತು. ಸರಿಯಿತು. ಮತ್ತೆ ತಾಗಿತು. ಜಾಗ ಇಕ್ಕಟ್ಟು, ಹೌದು. ಅಷ್ಟೊಂದು ಇಕ್ಕಟ್ಟೇ?

"ವಿನ್ನಿ, ಆ ಚಿಕ್ಕ ಸ್ಪ್ಯಾನರ್ ಕೊಡು."

ಕೊಟ್ಟೆ. ತೆಗೆದುಕೊಂಡದ್ದು ಅವಳ ಕೈ.

ಪಂಪ್ ಬಿಚ್ಚಿದರು, ಚೆನ್ನಾಗಿತ್ತು. ಆವಿ ವಾಪಸ್ ಬರದಂತೆ ತಡೆಯುವ ವಾಲ್ವ್ ಬಿಚ್ಚಿದರು, ಅದೂ ಚೊಕ್ಕಟವಾಗಿತ್ತು. ನೆಲದ ಮೇಲೆ ಒಂದು ತೊಟ್ಟು ಎಣ್ಣೆಯೂ ಸೋರಿರಲಿಲ್ಲ. ಹೊರಬಂದ ಎಲ್ಡನ್‌ನ ಕೆನ್ನೆಗೆ ಮಸಿ ಹತ್ತಿತ್ತು. ಡೆಲ್ಫೀನ್ ಸ್ಕಾರ್ಫಿನ ತುದಿಯಿಂದ ಅದನ್ನು ಒರೆಸಿದಳು, ಏನೂ ಅಲ್ಲವೆಂಬಂತೆ. ನಾನಾಗಿದ್ದರೆ ಅದರ ಬಗ್ಗೆ ಡೈರಿಯಲ್ಲಿ ಮೂರು ಪುಟ ಬರೆದು, ಕೊನೆಗೆ ಒರೆಸದೇ ಇರುತ್ತಿದ್ದೆ.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಅರ್ಧ ಡೋನಟ್ ಮುರಿದು ನನಗೇ ಕೊಟ್ಟು, "ನೀನೇ ಮಾಡಿದ್ದಾ? ಅಯ್ಯೋ, ಅದ್ಭುತ ಕಣೇ!" ಅಂದಳು. ನಾನು ಆ ಅರ್ಧವನ್ನು ಮತ್ತೆ ಪೊಟ್ಟಣಕ್ಕೆ ಹಾಕಿದೆ.

ವಾಲ್ವ್ ಜೋಡಿಸಿ ಎಂಜಿನ್ ಅನ್ನು ಮತ್ತೆ ನಿಧಾನವಾಗಿ ತಿರುಗಿಸಿದರು. ನಾನು ಹೊರಗಿನಿಂದಲೇ ಬಗ್ಗಿ ಗಾಜು ನೋಡಿದೆ. ಹನಿ ಎಂದಿನಂತಿರಲಿಲ್ಲ.

ಎರಡು ಬೇಸಿಗೆ ಆ ಸೀಟಿನಲ್ಲಿ ಕೂತವಳು ನಾನು. ಅವನ ಮುಖ ನೋಡುವ ಧೈರ್ಯವಿಲ್ಲದೆ ದಾರಿಯುದ್ದಕ್ಕೂ ಆ ಹನಿಗಳನ್ನೇ ನೋಡಿದವಳು. ಎಂಜಿನ್ ಒಮ್ಮೆ ಉಸಿರಾಡಿದರೆ ಹನಿ ಒಮ್ಮೆ ನಡುಗುತ್ತಿತ್ತು. ಆವಿಯ ಒತ್ತಡ ಅದಕ್ಕೆ ತಿಳಿಯುತ್ತಿತ್ತು. ಈಗಿನ ಹನಿ ನಡುಗದೆ, ಯಾರ ಹಂಗೂ ಇಲ್ಲದಂತೆ ಸಲೀಸಾಗಿ ಮೇಲೇಳುತ್ತಿದೆ. ಅಂದರೆ ಗಾಜಿನ ಆಚೆ, ಎಂಜಿನ್‌ಗೆ ಹೋಗುವ ಕೊಳವೆ ಎಲ್ಲೋ ಬಿರುಕು ಬಿಟ್ಟಿದೆ. ಎಣ್ಣೆ ಎಂಜಿನ್ ಸೇರುತ್ತಲೇ ಇಲ್ಲ.

 

ಹೇಳದಿದ್ದರೆ ಶನಿವಾರ ಕಾರು ಹೊರಡುವುದಿಲ್ಲ. ಕಾರು ಹೊರಡದಿದ್ದರೆ ಆ ಕೆಂಪು ಸ್ಕಾರ್ಫ್ ಅವನ ಭುಜದ ಪಕ್ಕ ಹಾರುವುದಿಲ್ಲ. ಎಷ್ಟು ಸಿಹಿಯಾಗಿತ್ತು ಆ ಯೋಚನೆ!

ಅಷ್ಟರಲ್ಲಿ ಎಂಜಿನ್ ಮತ್ತೆ ನರಳಿತು. ಓರಿನ್ ಅಂಕಲ್ ತಮ್ಮದೇ ಮೂಳೆ ಮುರಿದಂತೆ ಕಣ್ಣು ಮುಚ್ಚಿಕೊಂಡರು.

"ನಿಲ್ಲಿಸು ಎಲ್ಡನ್!" ನನ್ನ ದನಿ ಅಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ. "ಹನಿ ನಡುಗ್ತಿಲ್ಲ. ಕೊಳವೆ ಒಡೆದಿದೆ. ಗಾಜಿನಿಂದ ಆ ಕಡೆ."

"ನೆಲ ಒಣಗಿದೆಯಲ್ಲೇ?" ಡೆಲ್ಫೀನ್ ಕೇಳಿದಳು. ಮರುಕ್ಷಣ ಅವಳೇ ಹಣೆ ಬಡಿದುಕೊಂಡಳು. "ಸುತ್ತಿರೋ ಪಟ್ಟಿ! ಅದೇ ಎಲ್ಲಾ ಕುಡೀತಿದೆ!"

ಕಾವು ಆರದಿರಲೆಂದು ಕೊಳವೆಗಳಿಗೆ ಸುತ್ತಿದ್ದ ದಪ್ಪ ಬಟ್ಟೆಪಟ್ಟಿಯನ್ನು ಅವಳು ಬಿಚ್ಚಿದಳು. ಒಳಪದರವೆಲ್ಲ ಎಣ್ಣೆಯಲ್ಲಿ ನೆಂದು ಕಪ್ಪಾಗಿತ್ತು. ತಾಮ್ರದ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು.

ಕೊಳವೆ ತಣಿದ ಮೇಲೆ ಬಿಚ್ಚಿ ಮೇಜಿಗೆ ತಂದು ಎಲ್ಡನ್ ಬೆಸುಗೆ ಹಾಕಲು ಗ್ಯಾಸ್ ಟಾರ್ಚ್ ಹಚ್ಚಿದ. "ಇದು ನಿನಗೆ ಹೇಗೆ ಗೊತ್ತಾಯ್ತು ವಿನ್ನಿ?"

ಉತ್ತರವನ್ನು ನಾನು ಡೆಲ್ಫೀನ್‌ಗೆ ಕೊಟ್ಟೆ. ಅವನ ಕಡೆ ತಿರುಗಿದ್ದರೆ ಮಾತು ಹೊರಡುತ್ತಿರಲಿಲ್ಲ.

"ನನಗೆ ಆ ಸೀಟು ಬೇಕು."

ಅವಳು ಹುಬ್ಬೇರಿಸಿದಳು. "ಸೀಟು ಬೇಕಾ, ಅವನು ಬೇಕಾ?"

"ಎರಡೂ."

ಎಲ್ಡನ್‌ನ ಕಿವಿಗಳು ಟಾರ್ಚ್ ಬೆಂಕಿಗಿಂತ ಕೆಂಪಾದವು. ಡೆಲ್ಫೀನ್ ಸ್ಕಾರ್ಫಿನ ಮಸಿ ಹತ್ತಿದ ತುದಿಯನ್ನು ಮಡಚಿ ಒಳಗೆ ಸೇರಿಸಿದಳು. ಅದನ್ನು ನೋಡಿ ಅವಳಿಗೂ ಅವನು ಇಷ್ಟವಾಗಿದ್ದನೆಂದು ನನಗೆ ತಿಳಿಯಿತು.

"ಮೊದಲೇ ಹೇಳಬಾರದಿತ್ತಾ ಮಾರಾಯ್ತಿ? ನಾನು ಶನಿವಾರಕ್ಕೆ ಅಂತ ಹೊಸ ಟೋಪಿ ಕೊಂಡಿದ್ದೆ." ನಕ್ಕಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಓರಿನ್ ಅಂಕಲ್, ಹಿಂದಿನ ಸೀಟಲ್ಲಿ ನಿಮ್ಮ ಪಕ್ಕ ಜಾಗ ಇದೆಯಾ?"

"ನಿನ್ನಂಥವಳಿಗೆ ಯಾವತ್ತೂ ಇರುತ್ತೆ. ಬಾ, ಮನೇಲಿ ಕಾಫಿ ಇದೆ. ಇವರಿಬ್ಬರ ಮುಖ ನೋಡೋಕಾಗ್ತಿಲ್ಲ."

ಬಾಗಿಲ ಬಳಿ ಅವಳು ತಿರುಗಿದಳು. "ಏಯ್ ಎಲ್ಡನ್, ಮುತ್ತು ಕೊಡೋದಾದ್ರೆ ಮೊದಲು ಟಾರ್ಚ್ ಆರಿಸು."

ಅವನು ಆರಿಸಿದ.

"ವಸಂತದಿಂದ ನನಗೆ ಬೇಜಾರಾಗಿತ್ತು," ಎಂದ ಮೆಲ್ಲಗೆ. "ನಿನಗೆ ನಾನು ಬೋರ್ ಅಂದ್ಕೊಂಡಿದ್ದೆ. ದಾರಿಯುದ್ದಕ್ಕೂ ಗಾಜನ್ನೇ ನೋಡ್ತಿದ್ದೆಯಲ್ಲ, ಒಂದು ಸಲನಾದ್ರೂ ನನ್ನ ಕಡೆ ತಿರುಗ್ತೀಯಾ ಅಂತ ನಾನು ಕಾಯ್ತಿದ್ದೆ."

"ಈಗ ತಿರುಗಿದ್ದೀನಿ."

ಅವನ ಅಂಗೈಯಲ್ಲಿ ಎಣ್ಣೆಯ ಜಿಡ್ಡಿತ್ತು. ಅದು ನನ್ನ ಕೆನ್ನೆಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.

ಅಂಗಳ ದಾಟುತ್ತಾ ಡೆಲ್ಫೀನ್ ತನ್ನ ಭಾಷೆಯಲ್ಲಿ ಏನೋ ಹಾಡಿಕೊಳ್ಳುತ್ತಿದ್ದಳು. ಕಂಠವೂ ಚೆನ್ನಾಗಿತ್ತು. ಅವನ ತೋಳಿನೊಳಗೆ ಇದ್ದುಕೊಂಡೇ ನನಗೆ ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು.