ಅಡ್ಡಗೆರೆಯ ಏಳು

"ಚೀಟಿ ತುಂಬಿ ಒಳಗೆ ಹೋಗು."

ಮೂರು ವರ್ಷದ ಮೇಲೆ ಮಾರ್ಲಿಸ್ ಅವನೊಂದಿಗೆ ಆಡಿದ ಮೊದಲ ಮಾತು ಅದು. ಒಂದು ಕಾಲದಲ್ಲಿ ಈ ಆರಿನ್‌ನನ್ನೇ ಮದುವೆಯಾಗಲು ಅವಳು ದಿನ ಗೊತ್ತುಮಾಡಿದ್ದಳು...

ಮಿನೆಸೋಟದ ಲುಂಡ್ ಜೌಗಿಗೆ ಬೇಟೆಗೋ, ಮೀನಿಗೋ, ಹಕ್ಕಿ ನೋಡಲೋ ಯಾರೇ ಬರಲಿ, ಗೇಟಿನ ಚೀಟಿಯಲ್ಲಿ ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆಯಲೇಬೇಕು. ಗೆಳೆಯರು ಒಬ್ಬರ ಚೀಟಿ ಒಬ್ಬರು ತುಂಬಿಬಿಡುವುದೂ ಉಂಟು. ಮಾರ್ಲಿಸಳ ತಮ್ಮ ಲೀಫ್, ಆರಿನ್ ಜೊತೆ ಬಾತು ಬೇಟೆಗೆ ಹೋದವನು ಮನೆಗೆ ಬರಲಿಲ್ಲ. ಚೀಟಿಯ ಪ್ರಕಾರ ಅವನು ಹೊರಗೆ ಬಂದಿದ್ದ. ಹಾಗಾಗಿ ಆ ದಿನ ನೀರಿನಲ್ಲಿ ಯಾರೂ ಹುಡುಕಲಿಲ್ಲ. ಮರುದಿನ ಜೌಗಿನಲ್ಲೇ ಅವನ ಹೆಣ ಸಿಕ್ಕಿತು.

"ಅವನ ಚೀಟೀನೂ ನೀನೇ ಬರೆದೆ ಅಲ್ವಾ?" ಎಂದು ಅವಳು ಅಂದು ಕೇಳಿದ್ದಳು. ಆರಿನ್ ತಲೆ ತಗ್ಗಿಸಿದ್ದ. ಅದನ್ನೇ ಒಪ್ಪಿಗೆ ಎಂದುಕೊಂಡು ಉಂಗುರ ಹಿಂದಿರುಗಿಸಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಈ ಹುಡುಗಿ ಚೀಟಿಯನ್ನು ಕಣ್ಣಾರೆ ಕಂಡೂ ಇರಲಿಲ್ಲ!

"ನಿಲ್ಲು." ಅವಳು ಜೇಬಿನಿಂದ ಹಳೆಯ ಚೀಟಿಯೊಂದನ್ನು ತೆಗೆದಳು. "ಈ ವರ್ಷ ಇಲ್ಲಿ ಕೆಲಸಕ್ಕೆ ಸೇರಿದೆ. ಹಳೇ ಕಟ್ಟಲ್ಲಿ ಲೀಫ್‌ನ ಚೀಟಿ ಸಿಕ್ತು. ಹೊರಬಂದ ಹೊತ್ತು ಅಂತ ಈ ಏಳು ಯಾರು ಬರೆದಿದ್ದು?"

ಏಳರ ನಡುವೆ ಅಡ್ಡಗೆರೆ ಇತ್ತು. ನಾರ್ವೆಯಿಂದ ಬಂದ ಅಜ್ಜ ಅಕ್ಕ ತಮ್ಮ ಇಬ್ಬರಿಗೂ ಕಲಿಸಿದ ಏಳು ಅದು. ಊರಲ್ಲಿ ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

"ಲೀಫೇ ಬರೆದ. ಇಬ್ರೂ ಹೊರಗೆ ಬಂದಿದ್ವಿ. ಪೆಟ್ಟಾದ ಬಾತೊಂದು ಒಳಗೇ ಉಳಿದಿತ್ತು... 'ಅದನ್ನ ನರಳೋಕೆ ಬಿಟ್ಟು ಹೋಗೋದಾ? ನೀನು ಹೊರಡು' ಅಂದು ಮತ್ತೆ ಒಳಗೆ ಹೋದ. ನಾನು ಹೊರಟುಬಿಟ್ಟೆ, ಮಾರ್ಲಿಸ್."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಸಿಟ್ಟೆಲ್ಲ ಸತ್ತವನ ಮೇಲೆ ಹೋಗ್ತಿತ್ತು. ಅದನ್ನ ಹೊರೋಕೆ ಬದುಕಿರೋನು ನಾನಿದ್ನಲ್ಲ."

ಅಯ್ಯೋ ತಮ್ಮಾ... ಮೂರು ವರ್ಷ ಇವನನ್ನು ಸುಮ್ಮನೆ ಸುಟ್ಟೆನಲ್ಲ! ಅವಳು ಗೇಟಿನ ಕಂಬ ಹಿಡಿದು ಕುಸಿದು ಅತ್ತಳು. ಆರಿನ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳ ಕೈಗಿತ್ತ.

"ನಿನ್ನ ಬಂದೂಕು ಎಲ್ಲಿ?"

"ಅವತ್ತಿಂದ ಮುಟ್ಟಿಲ್ಲ. ವರ್ಷಕ್ಕೊಂದ್ಸಲ ಬಂದು, ಅವನು ಸಿಕ್ಕಿದ ಜಾಗದಲ್ಲಿ ಕೂತು ಹೋಗ್ತೀನಿ."

"ನನ್ನೂ ಕರ್ಕೊಂಡು ಹೋಗು."

ಅವಳು ಎರಡು ಚೀಟಿ ತೆಗೆದು ಇಬ್ಬರ ಹೆಸರನ್ನೂ ಬರೆದಳು. ಒಳಹೋಗುವ ಹೊತ್ತು, ಬೆಳಿಗ್ಗೆ ಏಳು. ಎರಡು ಏಳರ ನಡುವೆಯೂ ಅಡ್ಡಗೆರೆ ಎಳೆದಳು.

"ಹೊರಗೆ ಬರೋ ಹೊತ್ತು?" ಆರಿನ್ ಮೆಲ್ಲಗೆ ಕೇಳಿದ.

"ಈಗ ಖಾಲಿ ಇರ್ಲಿ. ಇಬ್ರೂ ಒಟ್ಟಿಗೆ ಹೊರಗೆ ಬಂದ್ಮೇಲೆ ನೀನೇ ಬರಿ... ನನ್ನ ಚೀಟೀನೂ."