ಕೊನೆಗೆ ನಾಯಿ ಸಾಯುತ್ತದಾ?

ಅಮೆರಿಕದ ಕಾದಂಬರಿಕಾರರು ನಾಯಿಯನ್ನು ಮುದ್ದಿನಿಂದ ಸಾಕಿ, ಮುನ್ನೂರು ಪುಟ ಓಡಾಡಿಸಿ, ಕಡೆಯ ಅಧ್ಯಾಯದಲ್ಲಿ ಕೊಂದುಬಿಡುತ್ತಾರೆ; ಅದಕ್ಕೆ ಪದಕವನ್ನೂ ಪಡೆಯುತ್ತಾರೆ. ಹಾಗಾಗಿ ಮಿನೆಸೋಟಾದ ಆ ಪುಟ್ಟ ಊರಿನ ಗ್ರಂಥಾಲಯಕ್ಕೆ ಬಂದವರು ಮೊದಲು ಕೇಳುತ್ತಿದ್ದುದು ಒಂದೇ: ಕೊನೆಗೆ ನಾಯಿ ಸಾಯುತ್ತದಾ? ಹೇಳಿ ಹೇಳಿ ಸಾಕಾದ ಗ್ರಂಥಪಾಲಕಿ ಮಾರಿಟ್, ನಾಯಿ ಸಾಯುವ ಪುಸ್ತಕಗಳ ಬೆನ್ನಿಗೆಲ್ಲ ಕಪ್ಪು ಪಂಜದ ಸ್ಟಿಕ್ಕರ್ ಅಂಟಿಸಿದ್ದಳು.

ಡ್ವೈಟ್ ಬಂದದ್ದು ಆ ಸ್ಟಿಕ್ಕರ್ ವಿಷಯವಾಗಿ ಜಗಳ ತೆಗೆಯಲೆಂದೇ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವನು. ಕಂಕುಳಲ್ಲಿ ಪುಸ್ತಕ, ಕೋಟಿನ ತುಂಬ ಬಿಳಿ ಕೂದಲು.

"ಕಥೆಯ ಕೊನೆಯನ್ನ ಬೆನ್ನ ಮೇಲೇ ಹೇಳಿಬಿಟ್ಟಿದ್ದೀರಲ್ಲ ಮೇಡಂ. ನನ್ನ ಹುಡುಗರು ಇನ್ನು ಓದೋದೇನು?"

"ನಡುವಿನದ್ದು," ಎಂದಳು ಮಾರಿಟ್. "ಅದೂ ಸಾಕಷ್ಟಿದೆ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಮೊದಲು ಮುಚ್ಚುತ್ತಿತ್ತು. ಅವಳು ಅದನ್ನು ಗಮನಿಸುವ ಅಗತ್ಯವೇನೂ ಇರಲಿಲ್ಲ.

ಜಗಳ ಇತ್ಯರ್ಥವಾಗದ ಕಾರಣ ಅವನು ವಾರವಾರವೂ ಬರಬೇಕಾಯಿತು. ಹಿಮ ಬೀಳತೊಡಗಿದ ಮೇಲೆ ಒಂದು ದಿನ ಜಗಳವನ್ನೇ ಮರೆತು ಕೇಳಿದ: "ಶನಿವಾರ ಊಟಕ್ಕೆ ಬನ್ನಿ. ಕಾಡು ಅಕ್ಕಿಯ ಸೂಪ್ ಮಾಡ್ತೀನಿ. ಹಚ್ ಕೂಡ ಇರ್ತಾನೆ. ನನ್ನ ನಾಯಿ. ಹದಿಮೂರು ತುಂಬಿತು."

ಅವಳ ಮುಖ ಬಾಡಿತು. "ಶನಿವಾರ ಕೆಲಸ ಇದೆ."

ಮುಂದಿನ ಶನಿವಾರವೂ ಕೆಲಸವಿತ್ತು. ಮತ್ತೊಮ್ಮೆ ಕರೆದಾಗ ಅವನು ಮೇಜಿನ ಮೇಲೆ ಮೊಣಕೈ ಊರಿದ. "ನಾನು ಬೇಡವೋ, ನಾಯಿ ಬೇಡವೋ? ಒಂದು ಹೇಳಿಬಿಡಿ."

ಮಾರಿಟ್ ಅವನತ್ತ ನೋಡದೆ ಪುಸ್ತಕಗಳನ್ನು ಜೋಡಿಸಿದಳು. "ನನ್ನ ನಾಯಿ ಬಿರ್ಡಿ ಹೋದಮೇಲೆ ನಾನು ಬೇರೆ ಯಾರ ನಾಯಿಯನ್ನೂ ಮುಟ್ಟಿಲ್ಲ. ನಿಮ್ಮನೆಗೆ ಬಂದ್ರೆ ಇಬ್ಬರನ್ನೂ ಹಚ್ಚಿಕೊಳ್ತೀನಿ, ನನಗೆ ಗೊತ್ತು. ಅದರಲ್ಲಿ ಒಬ್ಬ ಬೇಗ ಹೊರಟುಬಿಡ್ತಾನೆ. ಇನ್ನೊಂದು ಸಲ ನನ್ನ ಕೈಲಾಗಲ್ಲ."

"ಇಬ್ಬರನ್ನೂ ಅಂದ್ರಿ."

ಅವಳ ಕಿವಿ ಕೆಂಪೇರಿತು. "ಅಂದೆ. ಅದನ್ನೇ ಹಿಡ್ಕೊಂಡು ಕೂರಬೇಡಿ."

"ತನಗೆ ಹದಿಮೂರು ಅಂತ ಹಚ್‌ಗೆ ಯಾರೂ ಹೇಳಿಲ್ಲ," ಎಂದ ಡ್ವೈಟ್ ಮೆಲ್ಲಗೆ. "ಇವತ್ತು ಅಳಿಲು ಹಿಡಿದೇ ಸೈ ಅಂತ ದಿನಾ ಹೊರಡ್ತಾನೆ. ಇಷ್ಟು ವರ್ಷ ಈ ಪುಸ್ತಕಗಳನ್ನ ಪಾಠ ಮಾಡಿದ್ದೀನಿ, ಮಾರಿಟ್. ಎಲ್ಲರೂ ಕೊನೇಲಿ ಅಳ್ತಾರೆ. ನಾಯಿ ಸಾಕಲೇಬಾರದಿತ್ತು ಅಂತ ಮಾತ್ರ ಒಬ್ಬರೂ ಬರೆದಿಲ್ಲ."

ಮಾರಿಟ್ ಕಪಾಟಿನ ಕಪ್ಪು ಪಂಜಗಳತ್ತ ನೋಡಿದಳು. ಎಲ್ಲವನ್ನೂ ಓದಿದವಳು ಅವಳೇ ತಾನೆ.

ಶನಿವಾರ ಅವಳು ಹೋದಳು. ಬಿಳಿ ಮೈಯ ಹಚ್ ಅವಸರವಿಲ್ಲದೆ ಬಂದು ಅವಳ ಬೂಟು ಮೂಸಿ, ಕೋಟಿನ ಅಂಚು ಮೂಸಿ, ದೊಡ್ಡ ನಿಟ್ಟುಸಿರಿನೊಂದಿಗೆ ತನ್ನ ಭಾರವನ್ನೆಲ್ಲ ಅವಳ ಪಾದಗಳ ಮೇಲೆ ಹಾಕಿ ಮಲಗಿಬಿಟ್ಟ. ಕೈಗಳನ್ನು ಜೇಬಿನಲ್ಲೇ ಬಿಗಿಹಿಡಿದು ಮಾರಿಟ್ ಬಾಗಿಲ ಬಳಿ ನಿಂತಳು. ಆಮೇಲೆ ಒಂದು ಕೈ, ಅವಳನ್ನು ಕೇಳದೆಯೇ ಹೊರಬಂದು, ಹಚ್‌ನ ಕಿವಿಯ ಹಿಂದೆ ಹೋಯಿತು. ಅಲ್ಲಿ ಬೆಚ್ಚಗಿತ್ತು. ಅವಳು ಮೆಲ್ಲನೆ ಅಲ್ಲೇ ನೆಲದ ಮೇಲೆ ಕುಳಿತಳು. ಕಣ್ಣೊರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಸೂಪ್ ಆರ್ತಾ ಇದೆ," ಎಂದ ಡ್ವೈಟ್.

"ಇಲ್ಲಿಗೇ ತನ್ನಿ. ಈ ದೊರೆ ಏಳೋ ಹಾಗೆ ಕಾಣಲ್ಲ."

ಎರಡು ಬಟ್ಟಲು ತಂದು ಅವನೂ ಪಕ್ಕದಲ್ಲಿ ಕುಳಿತ. ಭುಜಕ್ಕೆ ಭುಜ ತಾಗಿತು; ಅವಳು ಸರಿಯಲಿಲ್ಲ.

"ಎಷ್ಟು ಹೊತ್ತು ಹೀಗೇ ಮಲಗ್ತಾನೆ?"

"ಹಿಡಿಸಿದವರ ಕಾಲಾದ್ರೆ ಬೆಳಗಿನ ತನಕ."

ಮಾರಿಟ್ ಚಮಚ ಅದ್ದಿ ಸೂಪಿನ ರುಚಿ ನೋಡಿದಳು.

"ಹಾಗಾದ್ರೆ ಒಂದು ದಿಂಬು ಕೊಡು," ಎಂದಳು.