ಬಾಲ ಮತ್ತು ಇಂಜಿನಿಯರಮ್ಮ

"ಇಂಜಿನಿಯರಮ್ಮಾ, ಬಕೆಟ್ ಬರ್ತಾ ಇದೆ, ಹುಷಾರು!"

ಚಾವಣಿಯ ಮೇಲಿಂದ ಅಮ್ಮನ ದನಿ ಕೇಳಿ, ಸ್ಕೂಲು ಮುಗಿಸಿ ಬಂದ ಹುಡುಗಿ ಗೇಟಿನಲ್ಲೇ ನಿಂತುಬಿಟ್ಟಳು. ಅಮ್ಮ ಕೂಗಿದ್ದು ಅವಳಿಗಲ್ಲ, ಅಂಗಳದಲ್ಲಿದ್ದ ಪೆನ್ಸಿಲ್‌ಗೆ. ಪೆನ್ಸಿಲ್ ಅವಳದೇ ಕ್ಲಾಸು. ಕಡ್ಡಿಯಂಥ ಮೈ, ಜಡೆಯಲ್ಲಿ ಸದಾ ಸಿಕ್ಕಿಸಿಕೊಂಡ ಪೆನ್ಸಿಲ್ಲು, ಹಾಗಾಗಿ ಆ ಹೆಸರು. ಪೆನ್ಸಿಲ್‌ಳ ಅಜ್ಜಿಯ ಹೆಂಚಿನ ಮನೆಗೆ ಅಮ್ಮ ಇವತ್ತು ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದಳು. ಪೆನ್ಸಿಲ್ ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆದಿದ್ದಳು. ಹೊಟ್ಟೆನೋವಂತೆ!

ಅಮ್ಮ ತೆಗೆದ ಹೆಂಚು ಬಕೆಟ್ಟಿನಲ್ಲಿ ಕೆಳಗೆ ಇಳಿಯುತ್ತದೆ. ಅದಕ್ಕೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಗೋಡೆಗೆ ಒರಗಿಸಬೇಕು. ಪ್ಯಾನೆಲ್ ಹಿಡಿಯುವ ಕೊಕ್ಕೆ ಬಿಗಿದಾದ ಮೇಲೆ ಅದೇ ಕ್ರಮದಲ್ಲಿ ವಾಪಸ್ ಕಳಿಸಬೇಕು. ರಜಾದಿನಗಳಲ್ಲಿ ಇದೆಲ್ಲ ಮಗಳ ಕೆಲಸ. ಇಷ್ಟು ಮಾಡಿಯೂ ಅಮ್ಮ ಅವಳನ್ನು ಕರೆಯುವುದು "ಬಾಲ" ಅಂತ! ಯಾವಾಗಲೂ ಹಿಂದೆ ಹಿಂದೆ ಬರುತ್ತಾಳಂತೆ. ಇವತ್ತು ಸಿಕ್ಕಿದವಳು ಇಂಜಿನಿಯರಮ್ಮ, ಹೆತ್ತ ಮಗಳು ಬಾಲ!

ಹೊಟ್ಟೆನೋವು ಪೆನ್ಸಿಲ್‌ಗಾದರೆ, ಹೊಟ್ಟೆಯುರಿ ಬಾಲಳಿಗೆ.

ಪೆನ್ಸಿಲ್ ನೀರು ಕುಡಿಯಲು ಒಳಗೆ ಹೋದಳು. ಬಾಲ ಸರ್ರನೆ ಗೋಡೆಯ ಬಳಿ ಕೂತು, ನೀಲಿ ಸ್ಕರ್ಟಿನ ಅಂಚಿನಿಂದ ಹೆಂಚಿನ ನಂಬರ್ ಒರೆಸಿದಳು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಹೆಂಚುಗಳನ್ನು ಹಿಂದುಮುಂದು ಮಾಡಿಯೂ ಇಟ್ಟಳು. ಈಗ ತೋರಿಸಲಿ ಅವಳ ಇಂಜಿನಿಯರಿಂಗು!

ಮೊದಲ ಎಂಟು ಹೆಂಚು ಮೇಲೆ ಹೋದ ಮೇಲೆ ಮತ್ತೆ ಖಾಲಿ ಬಕೆಟ್ ಇಳಿಯಿತು. "ಒಂಬತ್ತು ಕಳ್ಸಮ್ಮಾ!"

ಪೆನ್ಸಿಲ್ ಹುಡುಕಿದಳು. ಮುಖ ಬಿಳಿಚಿಕೊಂಡಿತು. "ಬರ್ದಿದ್ದೆ ಆಂಟಿ! ನಿಜವಾಗ್ಲೂ ಬರ್ದಿದ್ದೆ!"

"ಯಾವ್ದೋ ಒಂದು ಕಳ್ಸಿದ್ರೆ ಆಗಲ್ಲ. ಹಳೇ ಹೆಂಚು, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಸಂದಿ ಬಿಟ್ರೆ ಅಜ್ಜಿ ಮಂಚದ ಮೇಲೇ ಸೋರುತ್ತೆ. ನಂಬರ್‌ಗೇನು ಕಾಲು ಬಂತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬಾಲಳ ಕೈ ತಾನಾಗಿ ಸ್ಕರ್ಟಿಗೆ ಮೆತ್ತಿದ ಸೀಮೆಸುಣ್ಣ ಕೊಡವಿತು. ಅಮ್ಮ ಮೇಲಿಂದ ಒಮ್ಮೆ ನೋಡಿದಳು.

"ನನ್ನಿಂದ ಅಜ್ಜಿ ಮನೆ ಸೋರುತ್ತೆ..." ಪೆನ್ಸಿಲ್ ಕಣ್ಣಿಂದ ನೀರು ಟಪಟಪ ಉದುರಿತು. ಬಾಲಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಅಳ್ಬೇಡ ಕಣೇ. ನಾನೇ ಒರೆಸಿದ್ದು."

"ಯಾಕೇ?"

ಬಾಲ ಒಂದು ಹೆಂಚನ್ನು ಎತ್ತಿ ತಿರುಗಿಸಿ ಹಿಡಿದಳು. "ಇಲ್ನೋಡು. ಒಂದರ ಮೇಲೆ ಒಂದು ಕೂತಿದ್ದ ಗುರುತು ಹಾಗೇ ಇರುತ್ತೆ. ಮುಚ್ಚಿದ್ದ ಕಡೆ ಕೆಂಪು, ಬಿಸಿಲು ಬಿದ್ದ ಕಡೆ ಕಪ್ಪು. ಗೆರೆಗೆ ಗೆರೆ ಸೇರಿಸ್ಬೇಕು, ಅಷ್ಟೇ."

"ನಿಂಗೆ ಹೇಗೆ ಗೊತ್ತು?"

"ನಾನು ಅಮ್ಮನ ಹಿಂದೇನೇ ಇರ್ತೀನಲ್ಲ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಹೊಸದಾಗಿ ಕೇಳಿಸಿತು.

ಇಬ್ಬರೂ ಮಂಡಿಯೂರಿ, ನಾಲ್ಕು ಹೆಂಚುಗಳನ್ನೂ ಸಾಲಾಗಿ ಇಟ್ಟು ಗೆರೆ ಕೂಡಿಸುತ್ತಾ ಹೋದರು. ಒಂದೊಂದಾಗಿ ಹೆಂಚುಗಳು ಮೇಲೇರಿದವು. ಅಮ್ಮ ಅಂಗೈಯಲ್ಲಿ ಒತ್ತಿ ನೋಡಿದಳು. ನಾಲ್ಕೂ ಟಕ್ಕೆಂದು ಕೂತವು.

"ಭೇಷ್! ಯಾರು ಜೋಡಿಸಿದ್ದು?"

ಪೆನ್ಸಿಲ್ ಬಾಲಳ ಕಡೆ ಬೆರಳು ತೋರಿಸಿದಳು. ಈಗಲಾದರೂ ಅಮ್ಮ ತನ್ನನ್ನು ಇಂಜಿನಿಯರಮ್ಮ ಅನ್ನುತ್ತಾಳಾ?

"ಏ ಬಾಲ," ಅಮ್ಮ ಕೂಗಿದಳು, "ಮನೆಗೆ ಹೋದ್ಮೇಲೆ ಆ ಸ್ಕರ್ಟ್ ನೀನೇ ಒಗೀಬೇಕು, ಗೊತ್ತಾಯ್ತಾ?"

ಬಾಲ ತಲೆಯೆತ್ತಿದಳು. ಅಮ್ಮ ನಗುತ್ತಿದ್ದಳು. ಹಾಗಾದರೆ ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕಾದಿದ್ದಳು.

"ಹೂಂ ಅಮ್ಮ."

ಇನ್ನೊಂದು ಸಾಲು ಹೆಂಚು ತೆಗೆಯುವುದಿತ್ತು. ಬಾಲ ಸೀಮೆಸುಣ್ಣದ ತುಂಡನ್ನು ಪೆನ್ಸಿಲ್ ಕೈಗಿಟ್ಟಳು. "ನೀನೇ ಬರಿ. ನಿನ್ನ ನಂಬರ್ ದುಂಡಗಿರುತ್ತೆ."

ಏಣಿ ಸರಿಸಲು ಅಮ್ಮ ಕೆಳಗಿಳಿಯತೊಡಗಿದಳು. ಏಣಿಯ ಬುಡ ಹಿಡಿದುಕೊಳ್ಳಲು ಬಾಲ ಓಡಿದಳು.